ಕೇಳಿಸದ ಅಮ್ಮನಿಗೆ

ಫೆಬ್ರವರಿ 24

ಅಮ್ಮಾ,

ಕಾಗದ ಬಂತು. ಅಕ್ಷರ ಅಣ್ಣನದು, ಬೈಗುಳ ನಿನ್ನದು. "ತಲೆ ಬಾಚದೆ ದೆವ್ವದ ಹಾಗೆ ತಿರುಗಬೇಡ" ಅನ್ನೋ ಮಾತನ್ನ ಕೋರ್ಟಿನ ಟೈಪಿಸ್ಟು ಸ್ವಂತ ಬುದ್ಧಿಯಿಂದ ಬರೆಯೋಕೆ ಸಾಧ್ಯವೇ ಇಲ್ಲ. ಕೈ ನಡುಗೋದು ಇನ್ನೂ ಹಾಗೇ ಇದೆಯಾ? ಸೂಜಿಗೆ ದಾರ ಪೋಣಿಸೋಕೆ ಪಕ್ಕದ ಮನೆಯವರನ್ನ ಕರೀತೀಯಂತೆ. ರವಿಕೆ ಹೊಲಿಯೋದನ್ನ ನಿಲ್ಲಿಸು ಅಂತ ನಾನು ಹೇಳೋದು, ಆಯ್ತು ಅಂತ ನೀನು ಬರೆಸೋದು, ಆಮೇಲೆ ಹೊಲಿಯೋದು. ನಡೀಲಿ.

ಕೆಮ್ಮು, ಜ್ವರ ಅಂತ ಒಂದೇ ಸಾಲಿನಲ್ಲಿ ಮುಗಿಸಿದೀಯ. ಎಷ್ಟು ದಿನದಿಂದ? ಫೋನ್ ಮಾಡೋಣ ಅಂದ್ರೆ ನಿನಗೆ ಕಿವಿ ಕೇಳಿಸಲ್ಲ. ಅಣ್ಣ ಸ್ಲೇಟಿನ ಮೇಲೆ ಬರೆದು ನಿನಗೆ ತೋರಿಸಿ, ನೀನು ಕಿರುಚಿ ಉತ್ತರ ಹೇಳೋ ಹೊತ್ತಿಗೆ ಲೈನೇ ಹೋಗಿರುತ್ತೆ. ಹಾಗಾಗಿ ಬರಿ. ಬರೆಸು.

ನನ್ನ ಕೆಲಸ ಏನು ಅಂತ ಮತ್ತೆ ಕೇಳಿದೀಯ. ಮೂರು ವರ್ಷದಲ್ಲಿ ಹತ್ತನೇ ಸಲ. ಹಳೇ ಗುಡಿ, ಹಳೇ ಗೋಡೆ ಇರುತ್ತಲ್ಲ, ಅದರ ಕಲ್ಲಿನೊಳಗೆ ಉಪ್ಪು ಸೇರ್ಕೊಂಡು ಒಳಗಿಂದಲೇ ಪುಡಿ ಮಾಡುತ್ತೆ. ನಾವು ಕಾಗದದ ತಿರುಳನ್ನ ಶುದ್ಧ ನೀರಲ್ಲಿ ನೆನೆಸಿ ಗೋಡೆಗೆ ಮೆತ್ತುತೀವಿ. ಒಣಗುವಾಗ ಅದು ಉಪ್ಪನ್ನ ಎಳ್ಕೊಳ್ಳುತ್ತೆ. ಆಮೇಲೆ ಕಿತ್ತು, ಮತ್ತೆ ಮೆತ್ತೋದು. ಒಂದು ಮೊಳ ಗೋಡೆಗೆ ಒಂದು ತಿಂಗಳು. ಇದಕ್ಕೆ ಡಾಕ್ಟರ್ ಅಂತ ಪದವಿ ಕೊಡ್ತಾರಾ ಅಂತ ನಗಬೇಡ. ಏಪ್ರಿಲ್ ಒಂಬತ್ತಕ್ಕೆ ಕೊನೇ ಪರೀಕ್ಷೆ. ಐದು ಜನ ಕೂತು ಬಾಯಲ್ಲೇ ಪ್ರಶ್ನೆ ಕೇಳ್ತಾರೆ. ಒಂದೇ ಅವಕಾಶ, ಎರಡನೇದಿಲ್ಲ. ಮುಗಿಸಿ ಮೇ ತಿಂಗಳಲ್ಲಿ ನಿನ್ನ ಮುಂದೆ ಬಂದು ನಿಲ್ತೀನಿ.

ಅದಕ್ಕೆ ಮುಂಚೆ ಗಿಡ್ಡಿ ವಿಮಾನ ಹತ್ತಿ ಈ ದೇಶಕ್ಕೆ ಬರ್ತಾಳೆ! ಮಾರ್ಚ್ ಹನ್ನೆರಡಕ್ಕೆ. ಆಸ್ಪತ್ರೆಯಲ್ಲಿ ಎರಡು ವರ್ಷದ ರಜ ಕೂಡಿಟ್ಟು ಹನ್ನೆರಡು ದಿನ ಗಿಟ್ಟಿಸಿದಾಳೆ. ಏಳನೇ ಕ್ಲಾಸಲ್ಲಿ ಚರಿತ್ರೆ ಪುಸ್ತಕದ ಚಿತ್ರಗಳಿಗೆ ನಾವಿಬ್ಬರೂ ಮೀಸೆ ಬರೀತಿದ್ವಲ್ಲ, ಆ ಪಾಪ ಈಗ ಕಳ್ಕೋಬೇಕಂತೆ. ನೆಲದೊಳಗಿನ ಸಮಾಧಿ, ಬೆಟ್ಟದ ಗುಡಿ, ಎಲ್ಲ ತೋರಿಸ್ತೀನಿ. ನಿನಗೇನು ಕಳಿಸಲಿ, ಹೇಳು.

ನಿನ್ನ,
ಚೂಟಿ


ಮಾರ್ಚ್ 9

ತಂಗೀ ಗಿಡ್ಡಿ,

ಮನೆಯಲ್ಲಿ ನೆಂಟರು ತುಂಬಿದ್ದಾರೆ. ಬಾಯಿ ಬಿಟ್ಟು ಮಾತಾಡುವ ಹಾಗಿಲ್ಲ. ಆದ್ದರಿಂದ ನಿನ್ನ ಆಸ್ಪತ್ರೆಯ ವಿಳಾಸಕ್ಕೆ ಈ ಕಾಗದ.

ಅಮ್ಮ ಹೋಗಿ ಇಂದಿಗೆ ನಾಲ್ಕು ದಿನ. ಚೂಟಿಗೆ ತಿಳಿಸಿಲ್ಲ. ನೀನೂ ತಿಳಿಸಕೂಡದು. ಏಪ್ರಿಲ್ ಒಂಬತ್ತು ಕಳೆಯಲಿ, ನಾನೇ ಬರೆಯುತ್ತೇನೆ.

ನಿನಗೆ ಕಷ್ಟ ಎಂದು ಗೊತ್ತು. ಟಿಕೆಟ್ ರದ್ದು ಮಾಡುತ್ತೇನೆ ಎಂದೆಯಲ್ಲ. ಬೇಡ. ನೀನು ಹೋಗದಿದ್ದರೆ ಅವಳಿಗೆ ಕೂಡಲೇ ಅನುಮಾನ ಬರುತ್ತದೆ. ನೀನು ಹೋಗಿ ನಗುತ್ತಾ ನಾಲ್ಕು ಕಡೆ ತಿರುಗಾಡಿ ಬಂದರೆ ಎಲ್ಲ ಸರಿಯಾಗಿದೆ ಎಂದುಕೊಂಡು ಓದುತ್ತಾಳೆ.

ಅಪ್ಪ ಸತ್ತಾಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಪುಸ್ತಕ ಕಟ್ಟಿಟ್ಟು ಕೋರ್ಟಿನಲ್ಲಿ ಟೈಪ್ ಮಾಡಲು ಕುಳಿತೆ. ಇಪ್ಪತ್ತೆರಡು ವರ್ಷದಿಂದ ಕಂಡವರ ಹೇಳಿಕೆಯನ್ನು ಬಡಿಯುತ್ತಿದ್ದೇನೆ. ಈ ಮನೆಯಲ್ಲಿ ಒಬ್ಬರಾದರೂ ಹಿಡಿದ ಓದನ್ನು ಮುಗಿಸಬೇಕು. ಇದರಲ್ಲಿ ನನ್ನ ಸ್ವಾರ್ಥ ಇದೆ ಎಂದು ನಿನಗೆ ಅನ್ನಿಸಿದರೆ ಅನ್ನಿಸಲಿ.

ವಾರ್ಡಿನಲ್ಲಿ ನಾನು ಅಮ್ಮನಿಗೆ ಸ್ಲೇಟಿನ ಮೇಲೆ ಬರೆದು ತೋರಿಸಿದ್ದು, ನಿಜವೇ ಎಂದು ಅವರು ನಿನ್ನ ಕಡೆ ತಿರುಗಿದಾಗ ನೀನು ತಲೆ ಆಡಿಸಿದ್ದು ನಮ್ಮಿಬ್ಬರ ನಡುವೆಯೇ ಸಾಯಲಿ.

ಜೊತೆಗೆ ಅಮ್ಮನೇ ಹೇಳಿ ಬರೆಸಿದ ಹಾಗೆ ನಾನೇ ಒಂದು ಕಾಗದ ಬರೆದು ಇಟ್ಟಿದ್ದೇನೆ. ಅವಳ ಕೈಗೆ ಕೊಡು. ಲಕೋಟೆ ಮಡಚಿಹೋಗದಂತೆ ನೋಡಿಕೋ.

ಇತಿ,
ಅಣ್ಣ


ಮಾರ್ಚ್ 16

ಅಮ್ಮಾ,

ಗಿಡ್ಡಿ ಬಂದಿಳಿದ ತಕ್ಷಣ ನಾನು ಕೇಳಿದ್ದು ನಿನ್ನನ್ನೇ. "ಅಮ್ಮ ಹೇಗಿದಾಳೆ? ಜ್ವರ ಬಿಡ್ತಾ?" ಅಂದೆ. "ಬಿಡ್ತು. ಈಗ ನೋವೇನೂ ಇಲ್ಲ" ಅಂದಳು. ವಾರ್ಡಿನ ನರ್ಸೇ ಹೇಳಿದ ಮೇಲೆ ನನಗಿನ್ಯಾವ ಯೋಚನೆ? ಆಮೇಲೆ ನಿನ್ನ ಕಾಗದ ಕೈಗೆ ಕೊಟ್ಟಳು. ಅಲ್ಲೇ ಸೂಟ್‌ಕೇಸಿನ ಮೇಲೆ ಕೂತು ಎರಡು ಸಲ ಓದಿದೆ. ಈ ಸಲ ಯಾಕೋ ಬೈಗುಳ ಕಮ್ಮಿ. ಜ್ವರ ನಿನ್ನನ್ನ ಮೆತ್ತಗೆ ಮಾಡಿದೆ.

ಇವಳಿಗೆ ಏನೋ ಆಗಿದೆ ಕಣಮ್ಮ. ಮೊದಲಿನ ಗಿಡ್ಡಿ ಅಲ್ಲ. ನಾನು ಮಾತಾಡ್ತಿದ್ರೆ ನನ್ನ ಮುಖಾನೇ ನೋಡ್ತಿರ್ತಾಳೆ. ಏನೇ ಅಂದ್ರೆ, ಏನಿಲ್ಲ ಅಂತಾಳೆ. ಯಾರನ್ನಾದ್ರೂ ಪ್ರೀತಿಸಿ ಕೈ ಸುಟ್ಕೊಂಡಿದಾಳಾ? ನಿನಗೆ ಗೊತ್ತಿದ್ರೆ ಬರೆಸು, ಅಣ್ಣ ಓದಿದ್ರೂ ಪರವಾಗಿಲ್ಲ.

ನಿನ್ನೆ ನೆಲದೊಳಗಿನ ಸಮಾಧಿಗಳಿಗೆ ಕರ್ಕೊಂಡು ಹೋಗಿದ್ದೆ. ಒಬ್ಬರು ಹಿಡಿಸೋ ಅಷ್ಟು ಅಗಲದ ಮೆಟ್ಟಿಲು, ನಲವತ್ತೆರಡು. ಕೆಳಗೆ ಓಣಿ ಓಣಿ, ಎರಡೂ ಕಡೆ ಗೋಡೆಯಲ್ಲಿ ಕಪಾಟಿನ ಥರ ಕೊರೆದ ಗೂಡು. ಒಂದೊಂದು ಗೂಡಿನಲ್ಲೂ ಒಬ್ಬೊಬ್ಬರನ್ನ ಇಟ್ಟು ಕಲ್ಲು ಮುಚ್ಚಿರೋದು. ಈಗ ಮೂಳೆ ಇಲ್ಲ, ಬರೀ ಗೂಡು. ಒಂದು ಕಲ್ಲು ಮಾತ್ರ ಪೂರ್ತಿ ಉಳಿದಿದೆ. ಅದರ ಮೇಲಿರೋದನ್ನ ನಾನು ಅಕ್ಷರ ಅಕ್ಷರ ಬಿಡಿಸಿ ಓದಿ ಹೇಳಿದೆ: "ಇಲ್ಲಿ ಇಬ್ಬರು ಮಕ್ಕಳ ತಾಯಿ ಇದ್ದಾಳೆ. ಮನೆ ನೋಡಿಕೊಂಡಳು. ನೂಲು ತೆಗೆದಳು. ಕೆಲಸ ಮುಗಿಯಿತು."

ಓದಿ ತಿರುಗಿದ್ರೆ ಇವಳು ಗೋಡೆ ಹಿಡ್ಕೊಂಡು ನಿಂತಿದಾಳೆ! ಉಸಿರು ಸಿಕ್ತಿಲ್ಲ. ಕಣ್ಣಲ್ಲಿ ಧಾರಾಕಾರ. ನಾನು ಬಿಡ್ತೀನಾ? "ಏನೇ ನರ್ಸಮ್ಮ, ದಿನಬೆಳಗಾದ್ರೆ ಹೆಣಕ್ಕೆ ಬಟ್ಟೆ ಹೊದಿಸೋಳು, ಎರಡು ಸಾವಿರ ವರ್ಷದ ಹಿಂದೆ ಸತ್ತೋಳಿಗೆ ಅಳ್ತೀಯಲ್ಲೇ, ಪಕ್ಕದ ಮನೆಯೋಳಾ?" ಅಂದೆ. ಹಿಂದಿದ್ದ ಯಾತ್ರಿಕರಿಗೂ ಅವರ ಭಾಷೇಲಿ ಹೇಳಿ ನಗಿಸಿದೆ. ಅವಳೂ ಕೊನೆಗೆ ನಕ್ಕಳು. "ಗಾಳಿ ಇಲ್ಲ ಕಣೇ, ಮೇಲೆ ಹೋಗೋಣ" ಅಂದಳು.

ಮೇಲೆ ಬಂದು ಮೆಟ್ಟಿಲ ಮೇಲೆ ಕೂತಾಗ ಒಂದು ಮಾತು ಅಂದೆ. "ನಮ್ಮಮ್ಮನಿಗೂ ಹೀಗೊಂದು ಕಲ್ಲು ಬರೀಬೇಕು ಕಣೇ, ಇನ್ನು ನಲವತ್ತು ವರ್ಷ ಆದ್ಮೇಲೆ. ರವಿಕೆ ಹೊಲಿದಳು, ಎಲ್ಲರನ್ನೂ ಬೈದಳು, ಕೆಲಸ ಮುಗಿಯಲಿಲ್ಲ ಅಂತ." ಸಿಟ್ಟು ಮಾಡ್ಕೋಬೇಡ. ನಲವತ್ತು ವರ್ಷ ಕೊಟ್ಟಿದೀನಲ್ಲ.

ಇಪ್ಪತ್ತನೇ ತಾರೀಕು ಬೆಟ್ಟದ ಗುಡಿಗೆ.

ನಿನ್ನ,
ಚೂಟಿ


ಮಾರ್ಚ್ 20

ಅಣ್ಣಾ,

ಇದು ನಿಮಗೆ ತಲುಪೋ ಹೊತ್ತಿಗೆ ನಾನೇ ವಾಪಸ್ ಬಂದಿರ್ತೀನಿ. ಆದರೂ ಬರೀತಿದೀನಿ. ಯಾರಿಗಾದ್ರೂ ಹೇಳದಿದ್ರೆ ಇವಳ ಮುಂದೆಯೇ ಬಾಯಿ ಜಾರುತ್ತೆ.

ಇವತ್ತು ಬೆಟ್ಟ ಹತ್ತಿದ್ವಿ. ಮುನ್ನೂರು ಮೆಟ್ಟಿಲು. ಇಲ್ಲಿಯೋರು ರೋಗ ವಾಸಿ ಮಾಡೋ ದೇವರ ಜಾಗ ಅಂತಾರೆ. ಇವಳು ಅಲ್ಲಿಯ ಗೋಡೆಯನ್ನೇ ಒಂದು ವರ್ಷದಿಂದ ತೊಳೀತಿರೋದು. ದೇವರು ಗೀವರು ನಂಬೋಳಲ್ಲ, ನಿಮಗೇ ಗೊತ್ತು. ಆದರೂ ಪ್ರತಿ ಮೆಟ್ಟಿಲ ಮೇಲೂ ನಿಂತು ಏನೋ ಗೊಣಗಿಕೊಂಡಳು. ಏನೇ ಅದು ಅಂದೆ. "ಅಮ್ಮನ ಜ್ವರ ಮತ್ತೆ ಬರಬಾರದು ಅಂತ. ವರ್ಷ ಪೂರ್ತಿ ಇವನ ಗೋಡೆ ಉಜ್ಜಿದೀನಿ, ಅಷ್ಟು ಮಾಡಲಿ" ಅಂದಳು. ನಾನು ನೂರು ಮೆಟ್ಟಿಲು ಹತ್ತಿದ್ಮೇಲೆ ಕಾಲು ನೋವು ಅಂತ ಸುಳ್ಳು ಹೇಳಿ ಹಿಂದೆ ಉಳಿದು ನಿಧಾನಕ್ಕೆ ಹತ್ತಿದೆ.

ಒಳಗೆ ಒಬ್ಬ ಮುದುಕರು ಮೇಜು ಹಾಕ್ಕೊಂಡು ಕೂತಿರ್ತಾರೆ. ಮುಂದೆ ಎರಡು ದಪ್ಪ ಪುಸ್ತಕ. ಒಂದರಲ್ಲಿ ಕಾಯಿಲೆ ಇರೋರ ಹೆಸರು, ಇನ್ನೊಂದರಲ್ಲಿ ತೀರಿಕೊಂಡೋರ ಹೆಸರು ಬರೀಬೇಕು. ದಿನಾ ಸಂಜೆ ಅವರು ಎಲ್ಲವನ್ನೂ ಗಟ್ಟಿಯಾಗಿ ಓದ್ತಾರಂತೆ. ಇವಳು ಮೊದಲನೇ ಪುಸ್ತಕದಲ್ಲಿ ಕನ್ನಡದಲ್ಲೇ ಅಮ್ಮನ ಹೆಸರು ಬರೆದಳು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟು, "ನೀನೂ ಕೆಳಗೆ ರುಜು ಹಾಕು. ನರ್ಸ್ ಶಿಫಾರಸು ಇದ್ರೆ ಬೇಗ ನೋಡ್ತಾನೆ" ಅಂದಳು. ಹಾಕಿದೆ ಅಣ್ಣ. ಹೋದೋರ ಹೆಸರಿನ ಕೆಳಗೆ, ಗುಣವಾಗಲಿ ಅಂತ ರುಜು ಹಾಕಿದೆ.

ಇಳಿದು ಬಂದು ಅಂಗಡಿಗೆ ಹೋದ್ವಿ. ಅಮ್ಮನಿಗೆ ಅಂತ ಉಣ್ಣೆಯ ಸ್ವೆಟರ್ ಆರಿಸಿದಳು. "ನೀನೂ ಅಮ್ಮನಷ್ಟೇ ಎತ್ತರ, ಹಾಕ್ಕೊಂಡು ನಿಲ್ಲು" ಅಂತ ನನಗೇ ತೊಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗುಂಡಿ ಹಾಕಿದಳು. ಆಮೇಲೆ ನನ್ನನ್ನ ಹಾಗೇ ತಬ್ಬಿಕೊಂಡು, "ಅಮ್ಮ ಅಂದ್ಕೊಂಡು ಒಂದ್ಸಲ" ಅಂದಳು.

ನಾನು ವಾರ್ಡಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದೀನಿ. ಇಂಥದ್ದನ್ನ ಯಾವತ್ತೂ ಮಾಡಿಲ್ಲ. ಹೊರಡೋಕೆ ಮುಂಚೆ ಹೇಳಿಬಿಡ್ತೀನಿ ಅಂತ ದಿನಾ ಬೆಳಿಗ್ಗೆ ಅಂದ್ಕೋತೀನಿ. ಅವಳು ಕಾಫಿ ಲೋಟ ಹಿಡ್ಕೊಂಡು ಬಂದು "ಇವತ್ತು ಎಲ್ಲಿಗೆ?" ಅಂತ ಕೇಳ್ತಾಳೆ. ಅಲ್ಲಿಗೆ ಮುಗೀತು.

ಗಿಡ್ಡಿ


ಮಾರ್ಚ್ 27

ಮಗಳೇ,

ಸ್ವೆಟರ್ ಸಿಕ್ಕಿತು. ಅಳತೆ ಸರಿಯಾಗಿದೆ. ಇಷ್ಟು ಬೆಚ್ಚಗಿರುವುದನ್ನು ನಮ್ಮ ಊರಿನಲ್ಲಿ ಹಾಕಿಕೊಂಡರೆ ಬೆಂದುಹೋಗುತ್ತೇನೆ, ಆದರೂ ನೀನು ಕೊಟ್ಟಿದ್ದು ಅಂತ ಮಡಚಿ ಇಟ್ಟಿದ್ದೇನೆ. ಕೆಮ್ಮು ಪೂರ್ತಿ ಹೋಯಿತು. ನನ್ನ ಯೋಚನೆ ಬಿಟ್ಟು ಓದು. ಐದು ಜನ ಅಲ್ಲ, ಐವತ್ತು ಜನ ಕೂತರೂ ಹೆದರಬೇಡ. ತಲೆ ಬಾಚಿಕೊಂಡು ಹೋಗು.

ಅಮ್ಮ
(ಬರೆದದ್ದು ಅಣ್ಣ)


ಏಪ್ರಿಲ್ 10

ಅಣ್ಣಾ,

ನೀನು ಬರೆದ ಅಮ್ಮನ ಕಾಗದ ಏಳನೇ ತಾರೀಕು ಬಂತು. ನನಗೆ ಆರನೇ ತಾರೀಕೇ ಗೊತ್ತಾಗಿತ್ತು.

ಹೇಗೆ ಅಂತ ಹೇಳ್ತೀನಿ, ಕೇಳು. ಗೋಡೆಯ ಮೇಲಿನ ತಿರುಳು ಒಣಗಿದೆಯಾ ನೋಡೋಕೆ ಬೆಟ್ಟಕ್ಕೆ ಹೋಗಿದ್ದೆ. ಹೆಸರು ಓದೋ ಮುದುಕರು ಕರೆದರು. "ನಿನ್ನ ಗೆಳತಿ ಮಾರನೇ ದಿನ ಬೆಳಿಗ್ಗೆ ಒಬ್ಬಳೇ ಮತ್ತೆ ಹತ್ತಿ ಬಂದಳು. ಇನ್ನೊಂದು ಪುಸ್ತಕದಲ್ಲಿ ಬರೆದು ಹೋದಳು. ನಿಮ್ಮ ಅಕ್ಷರ ನನಗೆ ಬರಲ್ಲ. ದಿನಾ ಆ ಸಾಲು ಬಂದಾಗ ಸುಮ್ಮನೆ ಬೆರಳಿಟ್ಟು ಮುಂದೆ ಹೋಗ್ತಿದೀನಿ. ಅದು ಆ ಜೀವಕ್ಕೆ ಅನ್ಯಾಯ. ಹೇಗೆ ಹೇಳಬೇಕು ಅಂತ ಒಂದ್ಸಲ ಓದಿ ತೋರಿಸಮ್ಮ" ಅಂದರು.

ಗಿಡ್ಡಿ ಮನೆಯಲ್ಲಿ ಯಾರೋ ಹೋಗಿದಾರೆ, ಪಾಪ, ಅದಕ್ಕೇ ಅಷ್ಟು ಮಂಕಾಗಿದ್ದಳು ಅಂದ್ಕೊಂಡು ಹತ್ತಿರ ಹೋದೆ. ಪುಟದ ಪೂರ್ತಿ ಬೇರೆ ಅಕ್ಷರ, ನಡುವೆ ಒಂದೇ ಸಾಲು ಕನ್ನಡ. ನಾನು ಗಟ್ಟಿಯಾಗಿ ಓದಿಬಿಟ್ಟೆ ಅಣ್ಣ. ಅಮ್ಮನ ಹೆಸರನ್ನ ನಾನೇ ಓದಿದೆ. ಮಾರ್ಚ್ 5 ಅಂತಲೂ ಓದಿದೆ. ಅವರು ನನ್ನ ಹಿಂದೆ ಹೇಳಿಕೊಂಡು ಕಲಿತರು. "ಸರಿಯಾಗಿ ಹೇಳಿದೆನಾ?" ಅಂತ ಕೇಳಿದರು. ಸರಿ ಅಂದೆ.

ಆಮೇಲೆ ಪುಸ್ತಕದ ಅಂಚು ಹಿಡ್ಕೊಂಡು ತಾರೀಕು ಎಣಿಸಿದೆ. ಮಾರ್ಚ್ ಹದಿನೈದಕ್ಕೆ ನಾನು ಸಮಾಧಿಯ ಮುಂದೆ ನಿಂತು ನಕ್ಕಿದ್ದೆ. ಇಪ್ಪತ್ತಕ್ಕೆ ಮೆಟ್ಟಿಲು ಹತ್ತಿದ್ದೆ. ಒಂದೊಂದನ್ನೂ ಲೆಕ್ಕ ಹಾಕಿದೆ.

ನಿನ್ನೆ ಪರೀಕ್ಷೆ. ಹೋದೆ. ನೀನು ಬರೆದ ಹಾಗೆ ತಲೆ ಬಾಚಿಕೊಂಡೇ ಹೋದೆ. ಉದ್ದನೆಯ ಮೇಜು, ಐದು ಜನ, ಎಲ್ಲರ ಮುಂದೆಯೂ ನಾನು ಮೂರು ವರ್ಷ ಬರೆದ ಪುಸ್ತಕ. ಮೊದಲ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಎರಡನೇದು. ಮೂರನೇದು. ನನ್ನ ಪ್ರೊಫೆಸರ್ ಎದ್ದು ಬಂದು ನೀರು ಕೊಟ್ಟರು, ಮೈಗೆ ಹುಷಾರಿಲ್ಲವೇ, ಇನ್ನೊಂದು ದಿನ ಕೇಳೋಣವೇ ಅಂದರು. ಹುಷಾರಾಗಿದೀನಿ ಅಂದೆ. ನಾನು ಆಡಿದ್ದು ಅದೊಂದೇ ಮಾತು. ನಲವತ್ತು ನಿಮಿಷ ಕಾದು ಪುಸ್ತಕ ಮುಚ್ಚಿದರು. ನನ್ನ ಪ್ರೊಫೆಸರ್ ಕಣ್ಣು ಒರೆಸ್ಕೊಂಡರು.

ಆ ಪದವಿ ಇನ್ನು ನನಗೆ ಬರಲ್ಲ. ಯಾವುದಕ್ಕೋಸ್ಕರ ನಮ್ಮಮ್ಮನ ಸಾವನ್ನ ಮುಚ್ಚಿಟ್ಟೆಯೋ ಅದನ್ನ ನಾನೇ ಕೈಯಾರೆ ಮುಗಿಸಿ ಬಂದೆ. ಈಗ ನಿನ್ನ ಮನೆಯಲ್ಲಿ ಓದು ಮುಗಿಸಿದೋರು ಯಾರೂ ಇಲ್ಲ. ಖುಷಿಯಾ?

ಇನ್ನೊಂದೇ ಕೇಳೋದು. ಅಮ್ಮ ನನ್ನನ್ನ ಕೇಳಿದಳಾ? ನಿಜ ಬರಿ. ಒಂದ್ಸಲ ನಿನ್ನ ಸ್ವಂತ ಮಾತು ಬರಿ.

ಚೂಟಿ


ಏಪ್ರಿಲ್ 22

ಚೂಟಿ,

ನಿನ್ನ ಕಾಗದವನ್ನು ಕೋರ್ಟಿನಲ್ಲೇ ಒಡೆದು ಓದಿದೆ. ಅರ್ಧ ದಿನ ರಜ ಹಾಕಿ ಮನೆಗೆ ಬಂದೆ. ಮನೆಯಲ್ಲಿ ಯಾರಿದ್ದಾರೆ, ಹೇಳುವುದಕ್ಕೆ?

ನನ್ನನ್ನು ಶಿಕ್ಷಿಸಬೇಕಿತ್ತು, ಶಿಕ್ಷಿಸಿದೆ. ಇಪ್ಪತ್ತೆರಡು ವರ್ಷವನ್ನು ನಲವತ್ತು ನಿಮಿಷದಲ್ಲಿ ತೀರಿಸಿದೆ. ಜಾಣೆ. ಸರಿ, ನಿಜ ಬೇಕು ಎಂದೆಯಲ್ಲ, ತಗೋ. ಓದಿದ ಮೇಲೆ ಯಾಕೆ ಹೇಳಿದೆ ಎಂದು ಕೇಳಬೇಡ.

ಅಮ್ಮ ಆಸ್ಪತ್ರೆಗೆ, ಗಿಡ್ಡಿಯ ವಾರ್ಡಿಗೇ ಸೇರಿದ್ದು ಫೆಬ್ರವರಿ ಇಪ್ಪತ್ತೊಂದಕ್ಕೆ. ಮೊದಲ ನಾಲ್ಕು ದಿನ ಬರೀ ನ್ಯುಮೋನಿಯ, ಇಳಿಯುತ್ತದೆ ಎಂದರು. ಇಳಿಯಲಿಲ್ಲ. ಆಮೇಲೆ ಅವರು ಬಾಯಿ ಬಿಟ್ಟರೆ ನಿನ್ನ ಹೆಸರು. "ಚೂಟಿಯನ್ನ ಕರೆಸು." ತಮ್ಮ ದನಿ ತಮಗೇ ಕೇಳಿಸದವರು, ಇಡೀ ವಾರ್ಡಿಗೆ ಕೇಳುವಂತೆ ಕೂಗುತ್ತಿದ್ದರು. ನಾಳೆ ಬರೆಯುತ್ತೇನೆ, ನಾಳೆ ತಂತಿ ಕೊಡುತ್ತೇನೆ ಎಂದು ಐದು ದಿನ ತಳ್ಳಿದೆ. ಮಾರ್ಚ್ ಎರಡಕ್ಕೆ ಸ್ಲೇಟಿನ ಮೇಲೆ ಬರೆದೆ: "ತಿಳಿಸಿದೆ. ಪರೀಕ್ಷೆ ಇದೆ, ಬರುವುದಕ್ಕೆ ಆಗುವುದಿಲ್ಲ ಎಂದಳು."

ಬರೆದವನು ನಾನು. ಇದನ್ನು ಒಪ್ಪಿಕೊಳ್ಳುತ್ತೇನೆ. ಸಮಾಧಾನ ಮಾಡಿಕೊಂಡು ಮಲಗುತ್ತಾರೆ ಎಂದುಕೊಂಡಿದ್ದೆ. ಅವರು ಸ್ಲೇಟನ್ನು ಎರಡು ಸಲ ಓದಿ, ಸೆರಗಿನಿಂದ ಒರೆಸಿದರು. ಆಮೇಲೆ ಹೇಳಿದರು: "ಅವಳು ಬಂದರೂ ನನ್ನ ಮುಖ ತೋರಿಸಬೇಡಿ. ನಾನು ಹೆತ್ತಿದ್ದು ಒಂದೇ." ಅಲ್ಲಿಂದ ಮೂರು ದಿನ ನಿನ್ನ ಹೆಸರು ಎತ್ತಲಿಲ್ಲ. ಹೋಗುವವರೆಗೂ ಎತ್ತಲಿಲ್ಲ.

ಇದನ್ನು ನಿನಗೆ ಯಾವತ್ತೂ ಹೇಳಬಾರದು ಎಂದಿದ್ದೆ. ಹೇಳದೆ ಇರುವುದಕ್ಕೆ ಇದ್ದ ಒಂದೇ ಕಾರಣವನ್ನೂ ನೀನು ಆ ಮೇಜಿನ ಮುಂದೆ ಕುಳಿತು ತೆಗೆದುಹಾಕಿದೆ.

ಅಣ್ಣ


ಮೇ 3

ಗಿಡ್ಡಿ,

ನೀನು ಎರಡನೇ ಪುಸ್ತಕದಲ್ಲಿ ಬರೆದಿದ್ದು ನನಗೆ ಸಿಕ್ತು. ಅದರ ಬಗ್ಗೆ ಈಗ ಮಾತು ಬೇಡ. ಹನ್ನೆರಡು ದಿನ ನನ್ನ ಜೊತೆ ಒಂದೇ ಕೋಣೆಯಲ್ಲಿ ಮಲಗಿದೆ, ಒಂದೇ ತಟ್ಟೆಯಲ್ಲಿ ಉಂಡೆ, ಸ್ವೆಟರ್ ತೊಟ್ಟು ತೋರಿಸಿದೆ. ಅದರ ಬಗ್ಗೆಯೂ ಬೇಡ.

ಅಣ್ಣನ ಕಾಗದ ಬಂದಿದೆ. ಸ್ಲೇಟಿನ ವಿಷಯ ಬರೆದಿದಾನೆ. ಅದನ್ನ ಓದಿದ ಮೇಲೆ ಅಮ್ಮ ಒಂದು ಮಾತು ಹೇಳಿದಳಂತೆ, ಅವಳಿಗೆ ನನ್ನ ಮುಖ ತೋರಿಸಬೇಡಿ, ಹೆತ್ತಿದ್ದು ಒಂದೇ ಅಂತ. ನನ್ನ ಮೇಲಿನ ಸಿಟ್ಟಿಗೆ ಅವನೇ ಕಟ್ಟಿ ಬರೆದಿರಬಹುದು. ಅಮ್ಮನ ಹಾಗೆ ಬರೆಯೋದು ಅವನಿಗೆ ಚೆನ್ನಾಗಿ ಬರುತ್ತೆ.

ನೀನು ಅಲ್ಲೇ ಇದ್ದೆ. ಅಮ್ಮ ಹಾಗೆ ಅಂದಳಾ, ಇಲ್ವಾ?

ನಿನ್ನನ್ನ ಇನ್ನೇನೂ ಕೇಳಲ್ಲ. ನಮ್ಮ ಸ್ನೇಹದ ಮೇಲೆ ಆಣೆ ಇಡು ಅಂತ ಹೇಳೋಕೆ ಆ ಸ್ನೇಹ ಈಗ ಎಲ್ಲಿದೆ ಗೊತ್ತಿಲ್ಲ. ನಿನ್ನ ಕೆಲಸದ ಮೇಲೆ ಆಣೆ ಇಟ್ಟು ಬರಿ. ಹೌದು ಅಥವಾ ಇಲ್ಲ.

ಚೂಟಿ


ಮೇ 17

ಚೂಟಿ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯ್ತು. ಡ್ಯೂಟಿ ಕೋಟಿನ ಜೇಬಿನಲ್ಲೇ ಇಟ್ಕೊಂಡು ಓಡಾಡ್ತಿದೀನಿ. ಎರಡು ಸಲ "ಇಲ್ಲ" ಅಂತ ಬರೆದೆ. ಆ ಎರಡಕ್ಷರ ಬರೆದು ಲಕೋಟೆ ಅಂಟಿಸಿದ್ರೆ ನೀನು ನಂಬ್ತಿದ್ದೆ. ನಂಬೋಕೇ ಕೇಳಿದೀಯ. ಅಣ್ಣನೂ ನಿನ್ನೆ ಆಸ್ಪತ್ರೆಯ ಗೇಟಿನ ಹತ್ತಿರ ಬಂದಿದ್ದರು. ಗಡ್ಡ ಬಿಟ್ಟಿದಾರೆ, ಸೊರಗಿಹೋಗಿದಾರೆ. "ಅವಳು ನಿನ್ನನ್ನ ಕೇಳೇ ಕೇಳ್ತಾಳೆ. ನಾನು ಸಿಟ್ಟಿನಲ್ಲಿ ಸುಳ್ಳು ಬರೆದೆ ಅಂತ ಹೇಳಿಬಿಡು ತಂಗಿ. ನನ್ನನ್ನ ಕೆಟ್ಟೋನು ಮಾಡು, ಪರವಾಗಿಲ್ಲ" ಅಂತ ಕೈ ಮುಗಿದರು.

ನಾನು ಅವರ ಮಾತು ಕೇಳಿ ಈ ಮೊದಲೇ ಒಂದ್ಸಲ ತಲೆ ಆಡಿಸಿದೀನಿ. ಅಮ್ಮ ಸ್ಲೇಟು ಓದಿ ನನ್ನ ಕಡೆ ತಿರುಗಿ "ನಿಜವಾ?" ಅಂತ ಕಣ್ಣಲ್ಲೇ ಕೇಳಿದರು. ನಾನು ಡ್ರಿಪ್ ಸರಿ ಮಾಡ್ತಾ ಹೂಂ ಅಂತ ತಲೆ ಆಡಿಸಿದೆ. ಅವರು ಅಣ್ಣನನ್ನ ನಂಬಿರಲಿಲ್ಲ ಚೂಟಿ. ನನ್ನನ್ನ ನಂಬಿದರು. ಇದು ನಿನಗೆ ಗೊತ್ತಿರಲಿ.

ಆಮೇಲೆ ನಿನ್ನ ಹತ್ತಿರ ಬಂದು ಹನ್ನೆರಡು ದಿನ ಸುಳ್ಳು ಹೇಳಿದೆ. ನೀನು ನಗ್ತಿದ್ದೆ, ಅದನ್ನ ಕೆಡಿಸೋ ಧೈರ್ಯ ಇರಲಿಲ್ಲ. ಬೇರೆ ಕಾರಣ ಏನೂ ಇಲ್ಲ. ಇನ್ನು ಸುಳ್ಳು ಬರೆಯೋಕೆ ನನ್ನ ಕೈಲಿ ಆಗಲ್ಲ. ಅದು ನಿನಗೆ ಒಳ್ಳೇದಾದರೂ ಆಗಲ್ಲ.

ಹೌದು. ಹೇಳಿದರು. ಅಣ್ಣ ಬರೆದಷ್ಟನ್ನೇ ಹೇಳಿದರು, ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ. ನಾನು ಮಂಚದ ಎಡಗಡೆ ನಿಂತಿದ್ದೆ. ಜ್ವರದ ತಾಪದಲ್ಲಿ ಏನೋ ಬಡಬಡಿಸಿರಬಹುದು ಅಂತ ನೀನು ಅಂದ್ಕೋತೀಯ ಅಂತ ಬರೀತಿದೀನಿ, ಆಣೆ ಕೇಳಿದೀಯಲ್ಲ. ಅವತ್ತು ಬೆಳಿಗ್ಗೆಯಿಂದ ಜ್ವರ ಇರಲಿಲ್ಲ. ಚಾರ್ಟಿನಲ್ಲಿ ನಾನೇ ಬರೆದಿದೀನಿ. ಅವರಿಗೆ ಪೂರ್ತಿ ಪ್ರಜ್ಞೆ ಇತ್ತು.

ಗಿಡ್ಡಿ